ಹೆಬ್ಬೆರಳು ಮೀರಿದ ಪದ

ಆ ದಿನ ಅಂಗಡಿಯಲ್ಲಿ ಇದ್ದವರು ಮೂವರು. ಬಾಗಿಲ ಬಳಿಯ ಮೇಜಿನ ಮೇಲೆ ಲಗ್ನಪತ್ರಿಕೆಯ ಮಾದರಿಗಳನ್ನು ಹರಡಿಕೊಂಡು ಕೂತ ನನ್ನ ಸೋದರಮಾವ. ಕಂಪ್ಯೂಟರಿನ ಮುಂದೆ ನಾನು. ನನ್ನ ಬೆನ್ನ ಹಿಂದೆ, ಮಡಚುವ ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವರ ಹಾಗೆ ಕೂತಿದ್ದ ತಂತಿ ಮಾಸ್ತರು. ತೊಂಬತ್ತರ ದಶಕ ಮುಗಿಯಲು ಒಂದೋ ಎರಡೋ ವರ್ಷ ಬಾಕಿಯಿತ್ತು. ದಾವಣಗೆರೆಯಲ್ಲಿ ಮಾವನ ಡಿಟಿಪಿ ಅಂಗಡಿ ಎಂದರೆ ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೊಂದು ಬಸವಣ್ಣನ ಕ್ಯಾಲೆಂಡರು, ಇಷ್ಟೇ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಮಾವ ಟೈಪಿಂಗಿಗೆ ಕೂರಿಸಿದ್ದ. ಮಾಸ್ತರು ಪ್ರೂಫ್ ನೋಡುವವರು.

ನಾನು ಟೈಪ್ ಮಾಡಿ ಮುಗಿಸಿದ್ದು ಮಾಸ್ತರದೇ ಲೇಖನ. ನಿವೃತ್ತ ಅಂಚೆ ಮತ್ತು ತಂತಿ ನೌಕರರ ಬಳಗವೊಂದು ಸ್ಮರಣ ಸಂಚಿಕೆ ತರುವುದಿತ್ತು. ಒಬ್ಬೊಬ್ಬರಿಗೆ ಐನೂರು ಪದ, ಮೀರಿದರೆ ಕತ್ತರಿ ಎಂದು ಬಳಗದ ಕಾರ್ಯದರ್ಶಿ ಮೊದಲೇ ತಿಳಿಸಿದ್ದರು. ಮಾಸ್ತರು ಬರೆದು, ಎಣಿಸಿ, ಕೊನೆಯಲ್ಲಿ ಕೆಂಪು ಶಾಯಿಯಿಂದ ಐನೂರು ಎಂದು ಬರೆದು ಸುತ್ತು ಹಾಕಿ ತಂದಿದ್ದರು. ಆ ವಾರವಷ್ಟೇ ಮಾವ ಹೊಸ ಪ್ರೋಗ್ರಾಮು ಹಾಕಿಸಿದ್ದ. ಅದರಲ್ಲಿ ಪದ ಎಣಿಸುವ ಸೌಕರ್ಯವೂ ಇದೆಯೆಂದು ನನಗೆ ಹಿಂದಿನ ದಿನ ಗೊತ್ತಾಗಿತ್ತು. ಹೊಸ ಆಟಿಕೆ ಸಿಕ್ಕವಳ ಹಾಗೆ ಒತ್ತಿ ನೋಡಿದೆ.

“ಮಾಸ್ತರೇ, ಇದು ನಾನೂರ ಹನ್ನೆರಡು ಅಂತೈತ್ರಿ.”

“ಯಾವುದು?”

“ಕಂಪ್ಯೂಟರು.”

“ಇನ್ನೊಂದ್ಸಲ ಎಣಿಸು ಅನ್ನು ಅದಕ್ಕೆ.”

ಇನ್ನೊಂದು ಸಲ ಒತ್ತಿದೆ. ನಾನೂರ ಹನ್ನೆರಡು.

ಮಾವ ತಲೆ ಎತ್ತದೆ ಹೇಳಿದ: “ಎಷ್ಟು ಸಲ ಕೇಳಿದ್ರೂ ಅದು ಅಷ್ಟೇ ಹೇಳೋದ್ರಿ ಮಾಸ್ತರೇ. ನಮ್ಮನೆಯಾಕಿ ಇದ್ದಂಗೆ.”

ಮಾಸ್ತರು ನಗಲಿಲ್ಲ. ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಆ ಅಂಕಿಯನ್ನು ನೋಡಿದರು. ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ತನ್ನ ನಂಬರು ಕಾಣದವನ ಮುಖ ಹಾಗಿರುತ್ತದೆ.

ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಇದ್ದಾಗಲೂ ಅದನ್ನು ಹಿಡಿದು ಕರೆದವರು ಕಡಿಮೆ. ಹರಿಹರದ ತಂತಿ ಕಚೇರಿಯಲ್ಲಿ ಬಹಳ ವರ್ಷ, ನಡುವೆ ಬೇರೆ ಎರಡು ಊರುಗಳಲ್ಲಿ ಕೆಲವು ವರ್ಷ ತಂತಿ ಕಳಿಸಿ, ತಂತಿ ಇಳಿಸಿಕೊಂಡು ನಿವೃತ್ತರಾದವರು. ಹರಿಹರದಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ದಿನಾ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬಂದು ಸಂಜೆಯ ಬಸ್ಸಿಗೆ ಹಿಂತಿರುಗುವರು. ಬಿಳಿ ಪೈಜಾಮ, ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಕೆಂಪು ಪೆನ್ನೊಂದು, ನೀಲಿ ಪೆನ್ನೊಂದು. ಬಲಗೈಯ ತೋರುಬೆರಳು ಮೇಜು, ತೊಡೆ, ಬಸ್ಸಿನ ಕಂಬಿ ಏನು ಸಿಕ್ಕರೂ ಅದರ ಮೇಲೆ ತಂತಿಯ ಕೀಲಿ ಒತ್ತುವ ಹಾಗೆ ಸದಾ ತಟ್ಟುತ್ತಿತ್ತು. ಏನು ಕಳಿಸ್ತಾ ಇದ್ದೀರಿ ಮಾಸ್ತರೇ ಎಂದು ಮಾವ ಕೇಳಿದರೆ, “ಸುಮ್ನಿರಯ್ಯ, ಲೈನ್ ಬಿಜಿ ಐತೆ” ಎನ್ನುವರು.

ಪದ ಎಂದರೆ ಅವರಿಗೆ ಜನರು ಗಂಟು ಬಿಚ್ಚಿ ತೆಗೆದುಕೊಡುವ ವಸ್ತು. ಪ್ರತಿ ಪದಕ್ಕೂ ದರ ಇದ್ದ ಕಾಲದವರು. ಕಿಟಕಿಯ ಆಚೆ ನಿಂತವರು ಹೇಳುವುದನ್ನೆಲ್ಲ ಹೇಳಿ ಮುಗಿಸಲಿ ಎಂದು ಕಾದು, ಅದನ್ನು ಹಿಂಡಿ ಹಿಂಡಿ ಫಾರ್ಮಿನ ಮೇಲೆ ಒಂದು ಸಾಲು ಮಾಡುತ್ತಿದ್ದರಂತೆ. ಆ ಅಭ್ಯಾಸ ಮಾತಿಗೂ ಹತ್ತಿತ್ತು. ಹೋಟೆಲಿನಲ್ಲಿ ಕೂತರೆ “ಬೆಣ್ಣೆ ಒಂದು” ಎನ್ನುವರು. ದೋಸೆ ಎಂಬ ಪದ ಅವರ ಬಾಯಿಂದ ನಾನು ಕೇಳಿಲ್ಲ. ದಾವಣಗೆರೆಯಲ್ಲಿ ಕೂತು ಬೆಣ್ಣೆ ಎಂದರೆ ಯಾರೂ ಬೆಣ್ಣೆ ತಂದಿಡೋದಿಲ್ಲ, ಮತ್ತೆ ಯಾಕ ಹೇಳಬೇಕು ಎಂಬುದು ಅವರ ವಾದ.

ನಾನು ಅಜ್ಜಿಯ ಮಡಿಲಲ್ಲಿ ಮಾತು ಕಲಿತವಳು. ನಮ್ಮಜ್ಜಿ ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದರೂ ಮೊದಲು ಆ ಮನೆಯ ಎಮ್ಮೆ, ಎಮ್ಮೆಯ ತಾಯಿ, ಅದನ್ನು ತಂದ ಸಂತೆ, ಇಷ್ಟನ್ನೂ ವಿಚಾರಿಸಿ ಆಮೇಲೆ ಬಟ್ಟಲು ಚಾಚುವಳು. ನಾನು ಬರೆದದ್ದೂ ಹಾಗೇ ಇರುತ್ತಿತ್ತು. ಮಾಸ್ತರು ನನ್ನ ವಾಕ್ಯಗಳ ಮೇಲೆ ಕೆಂಪು ಪೆನ್ನು ಆಡಿಸುತ್ತಾ, “ಇದರಾಗ ನಾಕು ಪದ ತೂಕಡಿಸ್ತಾವೆ ನೋಡವ್ವ” ಎನ್ನುವರು. ಎಬ್ಬಿಸಲೇ ಎಂದರೆ, “ಬ್ಯಾಡ, ಮನಿಗೆ ಕಳಿಸು” ಎಂದು ಹೊಡೆದುಹಾಕುವರು.

ಶಾಮನೂರಿನ ಒಬ್ಬ ಗೌಡರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಕಾರ್ಡಿನಲ್ಲಿ ಹಿಡಿಸುವಷ್ಟು ಮಾಡಿಕೊಡಿ ಎಂದು ಕೊಟ್ಟುಹೋದರು. ಮಾಸ್ತರು ಅರ್ಧ ದಿನ ಕೂತು ಅದನ್ನು ಸ್ವಚ್ಛ ಮಾಡಿದರು. ಗೌಡರು ಮರಳಿ ಬಂದು ಕರಡು ನೋಡಿದರೆ ಹುಡುಗಿ, ಹುಡುಗ, ದಿನ, ಜಾಗ, ನಾಲ್ಕು ಸಾಲು. ಸುತ್ತಲೂ ಖಾಲಿ.

“ನಮ್ಮಣ್ಣ ಎಲ್ಲಿ ಹೋದ್ರಿ? ನಮ್ಮ ಕಾಕಾರು? ಬೀಗರ ಕಡೆ ಒಂಬತ್ತು ಮಂದಿ ಹೆಸರು ಕೊಟ್ಟಿದ್ನಲ್ಲ?”

“ಅವರೆಲ್ಲ ಮದುವೆಗೆ ಬರ್ತಾರಲ್ಲೇನ್ರಿ?” ಎಂದರು ಮಾಸ್ತರು.

“ಬರ್ತಾರೆ.”

“ಮತ್ತೆ ಅಲ್ಲೇ ಕಾಣ್ತಾರೆ.”

ಗೌಡರಿಗೆ ಸಮಾಧಾನ ಹೇಳಿ ಹೆಸರುಗಳನ್ನೆಲ್ಲ ಮರಳಿ ತುಂಬುವಷ್ಟರಲ್ಲಿ ಮಾವನಿಗೆ ಸಾಕುಸಾಕಾಯಿತು. ಆದರೂ ಮಾವ ಅವರನ್ನು ಬಿಡಲಿಲ್ಲ. ಪತ್ರಿಕೆಗೆ ಕಳಿಸುವ ಶ್ರದ್ಧಾಂಜಲಿ, ಸಂಘಗಳ ವರದಿ, ಭಾಷಣಗಳು, ಇಷ್ಟೇ ಪದ ಎಂದು ಮಿತಿ ಇದ್ದದ್ದೆಲ್ಲ ಮಾಸ್ತರ ಕೈಗೆ ಹೋಗುತ್ತಿತ್ತು. ಅವರು ಎಣಿಸಿ ಸುತ್ತು ಹಾಕಿದ ಅಂಕಿಯನ್ನು ಯಾರೂ ಮತ್ತೆ ಎಣಿಸಿದವರಲ್ಲ.

ಅದಕ್ಕೇ ನಾನೂರ ಹನ್ನೆರಡು ನಮಗೆ ಅಷ್ಟೊಂದು ಗೊಂದಲ ಹುಟ್ಟಿಸಿತು.

“ಹೆಂಗೆ ಎಣಿಸ್ತೀರಿ ತೋರಸ್ರಿ” ಎಂದೆ. ಮಾಸ್ತರು ತಮ್ಮ ಕೈಬರಹದ ಹಾಳೆ ಎಳೆದುಕೊಂಡು ಪೆನ್ನಿನ ತುದಿಯಿಂದ ಪದಗಳನ್ನು ಮುಟ್ಟುತ್ತಾ ಹೊರಟರು. ಒಂದು, ಎರಡು, ಮೂರು. ನಾಲ್ಕನೆಯ ಪದ ಸ್ವಲ್ಪ ಉದ್ದದ್ದು. ಅದರ ಮೇಲೆ ಎಡಗೈ ಹೆಬ್ಬೆರಳು ಅಡ್ಡ ಇಟ್ಟು ನೋಡಿದರು. ಪದದ ತುದಿ ಬೆರಳಿನಾಚೆ ಇಣುಕುತ್ತಿತ್ತು. “ನಾಕು, ಐದು” ಎಂದು ಮುಂದೆ ಹೋದರು.

“ಅದು ಒಂದೇ ಪದ ಅಲ್ಲೇನ್ರಿ?”

“ಹೆಬ್ಬೆಟ್ಟು ಮೀರೈತೆ ನೋಡಲ್ಲಿ. ಮೀರಿದ್ರೆ ಎರಡು.”

ಮಾವ ಈಗ ಎದ್ದು ಬಂದ. “ಯಾರು ಹೇಳಿದ್ದು ಮಾಸ್ತರೇ ನಿಮಗೆ?”

“ಇಲಾಖೆ.”

ಆಗ ತಿಳಿಯಿತು. ತಂತಿಯಲ್ಲಿ ಒಂದು ಅಳತೆ ಮೀರಿದ ಪದಕ್ಕೆ ಎರಡು ಪದದ ಲೆಕ್ಕವಂತೆ. ಇಂಗ್ಲಿಷಿನಲ್ಲಿ ಅದನ್ನು ಅಕ್ಷರ ಎಣಿಸಿ ತೀರ್ಮಾನಿಸುತ್ತಿದ್ದರು. ಕನ್ನಡಕ್ಕೆ ಬಂದಾಗ ಮಾಸ್ತರು ತಾವೇ ಒಂದು ಅಳತೆಗೋಲು ಕಂಡುಕೊಂಡಿದ್ದರು, ಅವರ ಹೆಬ್ಬೆರಳು. ಅದು ಎಲ್ಲರಿಗೂ ಗೊತ್ತಿರುವ ಕ್ರಮ ಎಂದೇ ತಿಳಿದು ನಮ್ಮ ಅಂಗಡಿಯಲ್ಲಿ ನಾಲ್ಕು ವರ್ಷ ಹಾಗೇ ಎಣಿಸಿದ್ದರು. ಐನೂರು ಇರಬೇಕಾದ ಕಡೆ ನಾನೂರು, ಇನ್ನೂರು ಇರಬೇಕಾದ ಕಡೆ ನೂರ ಅರವತ್ತು. ಬಂದವರೆಲ್ಲ ತಮ್ಮ ಮಾತು ಕಡಿಸಿಕೊಂಡು ಹೋಗಿದ್ದರು.

ಮಾವ ನಕ್ಕುಬಿಟ್ಟ. ನಾನೂ ನಕ್ಕೆ. ಮಾಸ್ತರು ಕುರ್ಚಿಗೆ ಹೋಗಿ ಕೂತರು, ಈ ಸಲ ತುದಿಗಲ್ಲ, ಪೂರ್ತಿ ಒರಗಿ. ಅಲ್ಲಿಂದಲೇ ನನ್ನನ್ನು ಕೇಳಿದರು:

“ವಿದ್ಯಾನಗರದ ಆ ಹೆಡ್‌ಮಾಸ್ತರ ಶ್ರದ್ಧಾಂಜಲಿ ನೆನಪೈತಾ? ಕಡಿಮಿ ಮಾಡು ಅಂದಿದ್ರು.”

“ಹೂಂ ರೀ.”

“ಸೊಸೆ ಬಗ್ಗೆ ಒಂದು ಸಾಲು ಇತ್ತು. ಕೊನೀಗೆ ಆಕಿನೇ ನೋಡಿಕೊಂಡ್ಳು ಅಂತ. ನಾ ತೆಗೆದೆ. ಜಾಗ ಇಲ್ಲ ಅಂತ.”

ನಾನು ಪರದೆಯ ಮೇಲಿನ ನಾನೂರ ಹನ್ನೆರಡನ್ನೇ ಮತ್ತೆ ನೋಡಿದೆ.

“ಜಾಗ ಇತ್ತಲ್ಲ” ಎಂದರು.

ಮಾರನೆಯ ದಿನ ಬಂದವರು ಬೇರೆಯದೇ ವರಸೆ ತೆಗೆದರು. ಟೈಪ್ ಮಾಡಿದ್ದೂ ಆ ಯಂತ್ರ, ಎಣಿಸಿದ್ದೂ ಆ ಯಂತ್ರ. ತಾನು ಮಾಡಿದ ಕೆಲಸವನ್ನು ತಾನೇ ಪರೀಕ್ಷೆ ಮಾಡಿಕೊಂಡರೆ ಇಲಾಖೆ ಒಪ್ಪುವುದಿಲ್ಲ. ಮೂರನೆಯವರು ಯಾರಾದರೂ ಎಣಿಸಬೇಕು. “ಅದೇನೋ ಇಂಟರ್‌ನೆಟ್ಟು ಅಂತಾರಲ್ಲ, ಅದರಾಗ ಎಣಿಸೋರು ಇರಲ್ಲೇನು?”

ಇದ್ದರು. ವಿದ್ಯಾನಗರದಲ್ಲಿ ಹಾಸ್ಟೆಲುಗಳ ಎದುರು, ಮನೆಯೊಂದರ ಕಾರು ನಿಲ್ಲಿಸುವ ಜಾಗದಲ್ಲಿ ಹೊಸದಾಗಿ ಒಂದು ಸೈಬರ್ ಕೆಫೆ ಆಗಿತ್ತು. ಲೇಖನವನ್ನು ಫ್ಲಾಪಿಗೆ ಹಾಕಿಕೊಂಡು ಮಧ್ಯಾಹ್ನ ನಾನೂ ಮಾಸ್ತರೂ ಸಿಟಿ ಬಸ್ಸಿನಲ್ಲಿ ಹೋದೆವು. ಅಂಗಡಿ ನಡೆಸುತ್ತಿದ್ದವನು ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದ, ಬಹಳ ಉತ್ಸಾಹದ ಮನುಷ್ಯ. ಫೋನಿನ ತಂತಿ ಕಿರುಗುಟ್ಟಿ, ಶಿಳ್ಳೆ ಹೊಡೆದು, ಒರಲಿ ಕೊನೆಗೆ ಸಂಪರ್ಕ ಸಿಕ್ಕಾಗ ಮಾಸ್ತರು ಕಣ್ಣು ಮುಚ್ಚಿ ಕೇಳುತ್ತಿದ್ದರು. “ಸಿಗ್ನಲ್ ಬಂತು” ಎಂದು ಅವನಿಗಿಂತ ಮೊದಲೇ ಹೇಳಿದರು.

ಅವನು ಹುಡುಕಿ ಹುಡುಕಿ ಒಂದು ಪುಟ ತೆಗೆದ. ಒಂದು ದೊಡ್ಡ ಖಾಲಿ ಚೌಕ, ಕೆಳಗೊಂದು ಗುಂಡಿ. ಚೌಕದಲ್ಲಿ ಬರಹವನ್ನು ಸುರಿದು ಗುಂಡಿ ಒತ್ತಿದರೆ ಎಷ್ಟು ಪದ ಎಂದು ಹೇಳುತ್ತದೆ. ಲೇಖನವನ್ನು ಅದರೊಳಗೆ ಸುರಿದ. ಕನ್ನಡ ಮಾಯವಾಗಿ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ, ಏನೇನೋ ಚೆಲ್ಲಾಡಿದವು.

“ಇದೇನಿದು?” ಎಂದರು ಮಾಸ್ತರು.

“ನಿಮ್ದೇ ಸರ್. ಒಳಗೆ ಹಿಂಗೆ ಇರ್ತೈತೆ. ತಲಿ ಕೆಡಿಸ್ಕೋಬ್ಯಾಡ್ರಿ” ಎಂದು ಗುಂಡಿ ಒತ್ತಿದ.

ಸಾವಿರದ ಇನ್ನೂರ ತೊಂಬತ್ತಾರು.

ನಾನು ಮಾಸ್ತರ ಮುಖ ನೋಡಿದೆ. ಮಾಸ್ತರು ಅವನ ಮುಖ ನೋಡಿದರು.

“ಇದು ಯಾರ ಮನಿ ಲೆಕ್ಕನಪ್ಪ?”

“ಅಮೆರಿಕದ್ದು ಸರ್. ತಪ್ಪಂಗಿಲ್ಲ.”

“ನಾ ಐನೂರು ಅಂತೀನಿ. ಈಕಿ ಮಿಷನ್ನು ನಾನೂರ ಹನ್ನೆರಡು ಅಂತೈತೆ. ನಿಮ್ಮ ಅಮೆರಿಕ ಹದಿಮೂರುನೂರು ಅಂತೈತೆ. ಹಂಗಾದ್ರೆ ನಾ ಬರೆದಿದ್ದು ಎಷ್ಟು?”

ಅವನು ಪುಟವನ್ನು ಮತ್ತೆ ತರಿಸಿ ಮತ್ತೆ ಒತ್ತಿದ. ಅದೇ ಅಂಕಿ. ನಮ್ಮ ಅಕ್ಷರ ಆ ಪುಟಕ್ಕೆ ಕಾಣುವುದೇ ಇಲ್ಲ, ಅದರ ಕಣ್ಣಿಗೆ ಬೀಳುವುದು ಅಕ್ಷರದ ಹಿಂದೆ ಅಡಗಿದ ಚಿಹ್ನೆಗಳು, ಚಿಹ್ನೆ ಬಂದಲ್ಲೆಲ್ಲ ಅದು ಪದವನ್ನು ಮುರಿದು ಎರಡು ಮೂರು ಮಾಡಿ ಎಣಿಸುತ್ತದೆ ಎಂಬುದೆಲ್ಲ ನನಗೆ ಎಷ್ಟೋ ದಿನದ ಮೇಲೆ ಒಬ್ಬರು ಬಿಡಿಸಿ ಹೇಳಿದ್ದು. ಅವತ್ತು ನಾವು ಮೂವರೂ ಕಣ್ಣು ಕಟ್ಟಿ ಬಿಟ್ಟವರಂತೆ ಆ ಅಂಕಿಯ ಮುಂದೆ ಕೂತಿದ್ದೆವು.

ಕೊನೆಗೆ ಮಾಸ್ತರು, “ಅದಕ್ಕೆ ಇಂಗ್ಲಿಷ್ ಬರ್ತದಲ್ಲ, ಇಂಗ್ಲಿಷಿನಾಗ ನೋಡೋಣ. ಹೊಡಿ” ಎಂದರು. ಅವನು ಚೌಕ ಖಾಲಿ ಮಾಡಿ ಕೀಲಿಮಣೆಯ ಮೇಲೆ ಕೈಯಿಟ್ಟ. ಮಾಸ್ತರು ಒಂದೊಂದೇ ಪದ ಹೇಳಿದರು. ‘ಸನ್ ಬಾರ್ನ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ.’ ಮಗ ಹುಟ್ಟಿದ್ದಾನೆ, ಕೂಡಲೇ ಹೊರಡು. ಗುಂಡಿ ಒತ್ತಿದ. ನಾಲ್ಕು.

“ಸರಿ ಐತೆ” ಎಂದರು. “ಈಗ ಮುಂದೆ ಹೊಡಿ. ‘ನೋ ಆ್ಯಂಗರ್.’” ಸಿಟ್ಟಿಲ್ಲ.

ಆರು.

“ಆರೇ ಅಲ್ಲ?”

“ಆರೇ ಸರ್.”

ಮಾಸ್ತರ ತೋರುಬೆರಳು ತಟ್ಟುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪರದೆಯ ಮೇಲಿನ ಆ ಆರು ಪದಗಳನ್ನು ಅವರು ಎಷ್ಟು ಹೊತ್ತು ನೋಡಿದರೆಂದರೆ, ಸೈಬರ್ ಕೆಫೆಯವನು ನನ್ನ ಕಡೆ ತಿರುಗಿ, ಹುಷಾರಿದ್ದಾರಾ ಎಂದು ಹುಬ್ಬಿನಲ್ಲೇ ಕೇಳಿದ. ಯಾರ ಮಗ, ಯಾರ ಸಿಟ್ಟು, ನನಗೂ ಏನೂ ಅರ್ಥವಾಗಿರಲಿಲ್ಲ.

ಹೊರಗೆ ಹಾಸ್ಟೆಲಿನ ಕಾಂಪೌಂಡಿಗೆ ತಾಗಿ ಒಂದು ಕಲ್ಲುಬೆಂಚು ಇತ್ತು. ಬಸ್ಸಿಗೆ ಕಾಯುತ್ತಾ ಅಲ್ಲಿ ಕೂತೆವು. ಎರಡು ಬಸ್ಸು ಬಂದು ಹೋದವು. ಮಾಸ್ತರು ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ, ಹರಿಹರದ ಕಿಟಕಿಗೆ ಭಾನುವಳ್ಳಿಯ ಒಬ್ಬ ಹೆಂಗಸು ಬಂದಿದ್ದಳು, ತಿಂಗಳ ಕೂಸನ್ನು ಎತ್ತಿಕೊಂಡು. ಬಸುರಿಯಾಗಿದ್ದಾಗ ಗಂಡನ ಜೊತೆ ಜಗಳವಾಗಿ ಅವನು ಸೊಲ್ಲಾಪುರದ ಗಿರಣಿಗೆ ಹೋಗಿಬಿಟ್ಟಿದ್ದ. “ಗಂಡು ಹುಟ್ಟೈತೆ ಅಂತ ಹೇಳ್ರಿ. ನನಗೇನೂ ಸಿಟ್ಟಿಲ್ಲ ಅಂತ ಹೇಳ್ರಿ. ಬಾ ಅಂತ ಹೇಳ್ರಿ” ಎಂದಳಂತೆ. ತಂತಿಗೆ ಕನಿಷ್ಠ ಇಷ್ಟು ಪದಕ್ಕೆ ಇಷ್ಟು ಎಂದು ದರ. ಅದರೊಳಗೆ ಎಷ್ಟು ಪದ ಕಳಿಸಿದರೂ ಒಂದೇ.

“ನಾ ಏನ್ ಮಾಡಿದೆ ಅಂದ್ರೆ, ಸಿಟ್ಟಿಲ್ಲ ಅನ್ನೋದು ತೆಗೆದೆ. ಕೂಸು ಹುಟ್ಟೈತೆ, ಬಾ ಅಂತ ಕರೀತಾಳೆ, ಅದರಾಗೇ ಬಂತಲ್ಲ, ಸಿಟ್ಟಿದ್ದಾಕಿ ಕರೀತಾಳೇನು ಅಂತ.”

“ರೊಕ್ಕ ಉಳಿಸೋಕಲ್ಲೇನ್ರಿ, ಪಾಪ ಆಕಿದು?”

“ಎಲ್ಲಿ ಉಳೀತು? ವಿಳಾಸ ಎಲ್ಲ ಸೇರಿ ಇನ್ನೂ ಎರಡು ಪದಕ್ಕೆ ಜಾಗ ಇತ್ತು. ಅದೇ ದರದಾಗ ಹೋಗ್ತಿತ್ತು.” ಎಂದರು. “ಸಣ್ಣದು ಮಾಡೋದು ಒಂದು ಚಟ ಆಗಿತ್ತವ್ವ. ನನ್ನಷ್ಟು ಸಣ್ಣದು ಮಾಡೋರು ಇಲ್ಲ ಅಂತ ಆಫೀಸಿನಾಗೆ ಅಂತಿದ್ರು.”

ಗಂಡ ಬರಲಿಲ್ಲ. ಬಂದದ್ದು ವರ್ಷ ತುಂಬುವ ಹೊತ್ತಿಗೆ, ಕೂಸು ನಡೆಯುವಾಗ. ಇದೆಲ್ಲ ಮಾಸ್ತರಿಗೆ ಆಗ ಗೊತ್ತಿಲ್ಲ. ಎಷ್ಟೋ ವರ್ಷ ಕಳೆದು, ಭಾನುವಳ್ಳಿಗೆ ಒಂದು ಮದುವೆಗೆ ಹೋದವರು ಬಸ್ ನಿಲ್ಲುವಲ್ಲಿ ಒಂದು ಚಾದ ಅಂಗಡಿಯಲ್ಲಿ ಕೂತರು. ಗಂಡ ಹೆಂಡತಿ ನಡೆಸುವ ಅಂಗಡಿ. ಹಾಲು ಉಕ್ಕಿದ್ದಕ್ಕೋ ಯಾವುದಕ್ಕೋ ಇಬ್ಬರಿಗೂ ಮಾತು ಬೆಳೆಯಿತು. ಬೆಳೆದು ಅಲ್ಲಿಗೇ ಹೋಗಿ ನಿಂತಿತು.

“ಸಿಟ್ಟಿಲ್ಲ ಬಾ ಅಂತ ಬಾಯಿಬಿಟ್ಟು ತಂತಿ ಹೊಡಿಸಿದ್ರೂ ಬರಲಿಲ್ಲ ಈ ಮನುಷ್ಯ.”

“ಅದರಾಗ ಸಿಟ್ಟಿಲ್ಲ ಅಂತ ಎಲ್ಲಿತ್ತೇ? ಕೂಡಲೇ ಹೊರಡು ಅಂತ ನಿಮ್ಮಣ್ಣನ ಹುಕುಂ ಇದ್ದಂಗಿತ್ತು. ಓದಿಸಿದ್ದೀನಿ ನಾನು.”

“ಸುಳ್ಳು ಹೇಳ್ಬ್ಯಾಡ. ನಾ ಹೇಳಿದ್ದು ನನಗೆ ಗೊತ್ತಿಲ್ಲೇನು?”

“ನೀ ಸುಳ್ಳಿ.”

ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದು ಬಾಯಿಪಾಠವಾಗಿತ್ತಂತೆ. ಒಬ್ಬರಿಗೊಬ್ಬರು ಸುಳ್ಳರಾಗಿ ಸಂಸಾರ ಮಾಡುತ್ತಿದ್ದರು. ಇಬ್ಬರೂ ನಿಜ ಹೇಳುತ್ತಿದ್ದಾರೆಂದು ಗೊತ್ತಿದ್ದವರು ಒಬ್ಬರೇ, ಬೆಂಚಿನ ಮೇಲೆ ಚಾ ಕುಡಿಯುತ್ತಿದ್ದರು. ಕಿಟಕಿಯ ಜಾಲರಿಯ ಹಿಂದಿದ್ದವರ ಮುಖ ಆಕೆಗೆ ನೆನಪಿರಲಿಲ್ಲ.

“ಹೇಳಬೇಕಿತ್ತು ನೀವು” ಎಂದೆ.

“ಅವತ್ತಿಂದ ತಿಂಗಳಿಗೊಂದ್ಸಲ ಹೋಗ್ತೀನಿ. ಹೇಳಬೇಕು ಅಂತಾನೇ ಹೋಗ್ತೀನಿ. ಚಾ ಕುಡೀತೀನಿ. ಬರ್ತೀನಿ.”

“ಎಷ್ಟು ವರ್ಷಾತ್ರಿ?”

“ಎಣಿಸಿಲ್ಲ.”

ಎಲ್ಲವನ್ನೂ ಎಣಿಸುವ ಮನುಷ್ಯ ಹಾಗೆಂದದ್ದು ನನ್ನನ್ನು ಇನ್ನಷ್ಟು ಗಲಿಬಿಲಿ ಮಾಡಿತು. ಆಮೇಲೆ ಹೇಳಿದರು, ಸ್ಮರಣ ಸಂಚಿಕೆಯ ಲೇಖನದಲ್ಲಿ ಇದನ್ನು ಬರೆದಿದ್ದರಂತೆ. ಆ ಸಂಚಿಕೆಯನ್ನು ಆ ಗಂಡ ಹೆಂಡತಿಯ ಮುಂದೆ ಇಟ್ಟುಬಿಡೋಣ, ಬಾಯಲ್ಲಿ ಹೇಳುವ ಕಷ್ಟ ತಪ್ಪುತ್ತದೆ ಎಂಬ ಯೋಚನೆ. ಎಣಿಸಿದಾಗ ಐನೂರು ಮೀರಿತು. ಕಚೇರಿಯ ಕಟ್ಟಡ, ಮೇಲಧಿಕಾರಿಗಳ ಹೆಸರು, ಪ್ರವಾಹದ ವರ್ಷದ ಕೆಲಸ ಎಲ್ಲವನ್ನೂ ಉಳಿಸಿಕೊಂಡು, ಹೆಬ್ಬೆರಳಿಟ್ಟು ನೋಡಿ ತೆಗೆದದ್ದು ಅದೊಂದನ್ನೇ.

“ಈಗ ಎಂಬತ್ತೆಂಟು ಪದಕ್ಕೆ ಜಾಗ ಐತ್ರಿ ಮಾಸ್ತರೇ” ಎಂದೆ. “ಹಾಕೋಣ.”

“ಆ ಅಮೆರಿಕದವನು ಹದಿಮೂರುನೂರು ಅಂದ್ನಲ್ಲ?”

“ಅವನ್ನ ಬಿಡ್ರಿ.”

“ಯಾರ್ನ ನಂಬಬೇಕವ್ವ ಹಂಗಾರೆ?”

ಅಷ್ಟರಲ್ಲಿ ಮೂರನೆಯ ಬಸ್ಸು ಬಂತು, ಹತ್ತಿದೆವು.

ಮರುದಿನ ಬೆಳಿಗ್ಗೆ ಮಾವ ಬರುವ ಮೊದಲೇ ಬಂದು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತು, ಹಾಳೆಯಿಲ್ಲದೆ ಹೇಳಿದರು. ನಾನು ಟೈಪ್ ಮಾಡಿದೆ. ‘ಭಾನುವಳ್ಳಿಯ ತಾಯಿಯೊಬ್ಬರು ನನ್ನ ಕಿಟಕಿಗೆ ಬಂದು ತಮ್ಮ ಯಜಮಾನರಿಗೆ ತಂತಿ ಕೊಟ್ಟರು. ನನಗೆ ಸಿಟ್ಟಿಲ್ಲ ಎಂದು ಅವರು ಹೇಳಿದ್ದರು. ಅದನ್ನು ನಾನು ಕಳಿಸಲಿಲ್ಲ. ಆದ್ದರಿಂದ ಹೇಳಿದ್ದೆ ಎಂದ ತಾಯಿಯ ಮಾತೂ ನಿಜ, ತಂತಿಯಲ್ಲಿ ಇರಲಿಲ್ಲ ಎಂದ ಯಜಮಾನರ ಮಾತೂ ನಿಜ.’ ಹೀಗೆ ಶುರುವಾಯಿತು. ಎರಡೆರಡು ವಾಕ್ಯಕ್ಕೊಮ್ಮೆ ಎಷ್ಟಾತು, ಎಷ್ಟಾತು ಎಂದು ಕೇಳುವರು. ಅವರ ಬರವಣಿಗೆಯಲ್ಲಿ ನಾನು ಎಂದೂ ಕಾಣದ ತೂಕಡಿಸುವ ಪದಗಳು ಅದರಲ್ಲಿದ್ದವು. ‘ದಯಮಾಡಿ’ ಎರಡು ಸಲ ಬಂತು. ಒಂದನ್ನು ತೆಗೆಯಲೇ ಎಂದು ಕೇಳಿದೆ.

“ಇರಲಿ ಬಿಡು.”

ಮುಗಿದಾಗ ಒಟ್ಟು ನಾನೂರ ತೊಂಬತ್ತೊಂಬತ್ತು.

“ಇನ್ನೊಂದು ಪದಕ್ಕೆ ಜಾಗ ಐತ್ರಿ.”

“ಸಾಕು” ಎಂದರು. ಎಂದ ಮೇಲೆ, ಆ ಭಾಗವನ್ನಷ್ಟೇ ಬೇರೆ ಒಂದು ಹಾಳೆಯಲ್ಲಿ ಮುದ್ರಿಸಿಕೊಡು ಎಂದು ಕೇಳಿದರು. ಕೊಟ್ಟೆ. ನಾಲ್ಕು ಮಡಿಕೆ ಮಾಡಿ, ಪೆನ್ನುಗಳ ಹಿಂದೆ ಜೇಬಿನಲ್ಲಿ ಇಟ್ಟುಕೊಂಡರು.

ಅದಾಗಿ ನಾಲ್ಕು ದಿನಕ್ಕೆ ಸಂಚಿಕೆಯ ಪುಟ ಕಟ್ಟುವ ಹೊತ್ತು. ಮಾಸ್ತರು ಬಂದು ನನ್ನ ಪಕ್ಕ ನಿಂತು, “ಆ ಎಂಬತ್ತೇಳು ತೆಗಿ” ಎಂದರು.

“ಯಾಕ್ರಿ?”

“ಅದು ಬಳಗದವರಿಗಲ್ಲ.”

ಧೈರ್ಯ ಸಾಲಲಿಲ್ಲ ಎಂದುಕೊಂಡೆ. ನನಗೆ ಸಿಟ್ಟೂ ಬಂತು. ಭಾನುವಳ್ಳಿಗೆ ಹೋಗಿದ್ರಾ ಎಂದು ಕೇಳಿದೆ. “ಹೋಗಿದ್ದೆ” ಎಂದರು. ಏನಾಯಿತು ಎಂದರೆ, “ಚಾ ಕುಡಿದೆ” ಎಂದರು. ಅಷ್ಟೇ. ಅದಕ್ಕಿಂತ ಒಂದು ಪದ ಹೆಚ್ಚು ಬರಲಿಲ್ಲ. ನಾನು ಮುಖ ಊದಿಸಿಕೊಂಡೇ ತೆಗೆದೆ. ಕಾರ್ಯದರ್ಶಿಗಳು ಪುಟ ನೋಡಿ, ಎಲ್ಲರೂ ಐನೂರು ತುಂಬಿಸ್ಯಾರೆ, ಇವರದು ಮೊಂಡಾಗೈತಲ್ಲ ಎಂದು, ಖಾಲಿ ಉಳಿದ ಜಾಗಕ್ಕೆ ಯಾವುದೋ ಸೀಮೆಂಟಿನ ಜಾಹೀರಾತು ಹಾಕಿಸಿದರು.

ಅಲ್ಲಿಂದ ಮುಂದೆ ಮಾಸ್ತರು ಅಂಗಡಿಯಲ್ಲಿ ಎಣಿಸುವುದನ್ನು ಬಿಟ್ಟರು. ಯಾರಾದರೂ ಇಷ್ಟು ಪದಕ್ಕೆ ಇಳಿಸಿಕೊಡಿ ಎಂದು ಬಂದರೆ, “ಆ ಹುಡುಗಿ ಕಡೆ ಹೋಗ್ರಿ, ಮಿಷನ್ನು ಎಣಿಸ್ತೈತೆ” ಎಂದು ನನ್ನತ್ತ ತೋರಿಸುವರು. ತಪ್ಪು ಅಕ್ಷರಗಳನ್ನು ಮಾತ್ರ ತಿದ್ದುವರು, ಏನನ್ನೂ ತೆಗೆಯುತ್ತಿರಲಿಲ್ಲ. ಅದೇ ಚಳಿಗಾಲದಲ್ಲಿ ಒಂದು ವಾರ ಬರಲಿಲ್ಲ. ಎಂಟನೆಯ ದಿನ ಹರಿಹರದಿಂದ ಅವರ ತಮ್ಮ ಬಂದು, ಅಣ್ಣ ಹೋಗಿ ಮೂರು ದಿನವಾಯಿತೆಂದೂ, ಪತ್ರಿಕೆಗೆ ಒಂದು ಶ್ರದ್ಧಾಂಜಲಿ ಕೊಡಬೇಕೆಂದೂ ಹೇಳಿದರು. ನಾನೇ ಬರೆದೆ. ಎಷ್ಟು ಸಲ ಬರೆದರೂ ಉದ್ದವಾಯಿತು. ಉದ್ದವಾಗಿಯೇ ಕಳಿಸಿದೆ. ಪತ್ರಿಕೆಯವರು ಅದರಲ್ಲಿ ಅರ್ಧ ಹಾಕಿದರು.

ಮಾಸ್ತರು ಎಂಥವರು ಎಂದು ಕೇಳಿದರೆ ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಅಷ್ಟು ವರ್ಷ ಚಾ ಕುಡಿದು ಬಂದದ್ದು ಹೇಡಿತನವೋ, ತಾನು ಕಡಿದದ್ದರ ಎದುರಿಗೆ ತಿಂಗಳಿಗೊಮ್ಮೆ ಹೋಗಿ ಕೂರುವುದು ಅವರ ಮಟ್ಟಿಗೆ ಒಂದು ಶಿಕ್ಷೆಯೋ. ಹೋದ ಮೇಲೆ ಕೆಲವು ತಿಂಗಳು ನಾನೇ ಭಾನುವಳ್ಳಿಗೆ ಹೋಗಿ ಹೇಳಿಬರಲೇ ಎಂದು ಯೋಚಿಸಿದೆ. ಅವರು ಹೇಳದೆ ಉಳಿಸಿದ್ದನ್ನು ಹೇಳಲು ನಾನು ಯಾರು ಎಂದು ಸುಮ್ಮನಾದೆ.

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಒಂದು ಮಧ್ಯಾಹ್ನ, ಪಂಚೆ ಉಟ್ಟು ಹೆಗಲಿಗೆ ಟವೆಲ್ಲು ಹಾಕಿದ ಒಬ್ಬ ಹಿರಿಯರು ಅಂಗಡಿ ಹುಡುಕಿಕೊಂಡು ಬಂದರು. ಟವೆಲ್ಲಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಒಂದು ಹಾಳೆಯನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಹರಡಿದರು. ಮಡಿಕೆ ಇದ್ದಲ್ಲೆಲ್ಲ ಹರಿದು ನಾಲ್ಕು ತುಂಡಾಗಿತ್ತು. ಚಾದ ಕಲೆಗಳಿದ್ದವು. ಓದುವ ಅಗತ್ಯ ನನಗೆ ಬೀಳಲಿಲ್ಲ.

“ಭಾನುವಳ್ಳಿಯಿಂದ ಬಂದೀನ್ರಿ. ಆ ಮಾಸ್ತರು, ತೀರಿಕೊಂಡ್ರಂತಲ್ಲ, ಅವರು ಕೊಟ್ಟಿದ್ದು. ಇಲ್ಲೇ ಮಾಡಿಸಿದ್ದು ಅಂತ ಹೇಳಿದ್ರು.”

“ಅವರೇ ಬಂದು ಕೊಟ್ರಾ?”

“ನಿಂತ್ಕೊಂಡೇ ಓದಿದ್ರಿ, ಕೂಡ್ರಿ ಅಂದ್ರೂ ಕೂಡಲಿಲ್ಲ. ಓದಿ, ಎಂಬತ್ತೇಳು ಪದ ಅಂತ ಅದನ್ನೂ ಹೇಳಿದ್ರು. ನಮ್ಮಾಕಿ, ಇಷ್ಟು ಹೇಳಾಕೆ ಇಷ್ಟು ವರ್ಷ ಬಸ್ಸು ಹತ್ತಿ ಬಂದ್ರ್ಯಾ ಅಂತ ಕೇಳಿದ್ಳು.” ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಅವತ್ತಿಂದ ನಮ್ಮಿಬ್ಬರಿಗೂ ಏನ್ ಮಾತಾಡಬೇಕೋ ತಿಳಿಯದಂಗಾಗೈತ್ರಿ. ಇಪ್ಪತ್ತೈದು ವರ್ಷದ ಜಗಳ. ಹೊತ್ತು ಹೋಗ್ತಿತ್ತು.”

ಮಾವ ಬಾಗಿಲ ಬಳಿಯಿಂದ ಎದ್ದು ಬಂದು ಅವರಿಗೆ ಕುರ್ಚಿ ಹಾಕಿದ. ಅವರು ಕೂತು, ಹಾಳೆಯ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿಟ್ಟರು.

“ಇದರದು ಇನ್ನೊಂದು ಬೇಕಾಗಿತ್ರಿ. ಅಕ್ಷರ ಸ್ವಲ್ಪ ದಪ್ಪ ಮಾಡಿಕೊಡ್ರಿ. ಆಕಿ ನಾಕನೇ ಕ್ಲಾಸು ಓದ್ಯಾಳೆ, ದಿನಾ ತೆಗೆದು ಓದ್ತಾಳೆ. ಕಣ್ಣು ಕಾಣವಲ್ದು.”

ಕಡತ ಕಂಪ್ಯೂಟರಿನಲ್ಲಿತ್ತು. ಅಕ್ಷರದ ಗಾತ್ರ ಎರಡು ಪಟ್ಟು ಮಾಡಿದೆ. ಒಂದು ಹಾಳೆಯಲ್ಲಿ ಹಿಡಿಸಲಿಲ್ಲ, ಎರಡು ಬಂದವು. ಅವರು ಎರಡನ್ನೂ ಮಡಿಚದೆ, ಮಾವ ಕೊಟ್ಟ ರಟ್ಟಿನ ನಡುವೆ ಇಟ್ಟುಕೊಂಡು, ಮೂರು ಗಂಟೆಯ ಬಸ್ಸಿಗೆ ಹೊರಟರು.